16ಎಕ್ಸ್ ಡಿಸ್ಕ್, 14 ನಿಮಿಷ 40 ಸೆಕೆಂಡ್: ತಪ್ಪು ರೈಟರ್‌ದೋ ಡಿಸ್ಕ್‌ದೋ?

ಕ್ಯಾಸೆಟ್ ಗೂಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮನೆಯಲ್ಲಿ 31 ಹಳೇ ವಿಡಿಯೊ ಕ್ಯಾಸೆಟ್‌ಗಳಿವೆ. ಮಗಳು ಅಂಬೆಗಾಲಿಡುತ್ತಿದ್ದ ಕಾಲದವು. ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿಕೊಂಡು ಡಿವಿಡಿಗೆ ಬರೆಯುತ್ತಿದ್ದೇನೆ. ಹಾರ್ಡ್ ಡಿಸ್ಕ್‌ನಲ್ಲೂ ಪ್ರತಿ ಇಟ್ಟಿದ್ದೇನೆ, ಅದು ಬೇರೆ ಮಾತು. ಆದರೆ ಅಮ್ಮನಿಗೆ ಟಿವಿ ಪಕ್ಕದ ಪ್ಲೇಯರ್‌ಗೆ ಡಿಸ್ಕ್ ಹಾಕಿ ಕೂತರೇ ಸಮಾಧಾನ. ರಿಮೋಟ್‌ನಲ್ಲಿ ಒಂದೇ ಬಟನ್ ಅಲ್ವಾ.

ರೈಟರ್, ಅಂದ್ರೆ ಡಿಸ್ಕ್ ಬರೆಯುವ ಯಂತ್ರ, ಹೊಸದು. ಕಂಪ್ಯೂಟರ್ ಒಳಗೇ ಕೂರುವಂಥದ್ದು, ಸಾಟಾ ಕೇಬಲ್. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವ ವೇಗ 24ಎಕ್ಸ್ ಅಂತಿದೆ. ಡಿಸ್ಕ್‌ಗಳು 50 ಪೇರಿಸಿಟ್ಟ ಸ್ಪಿಂಡಲ್, ಒಂದೇ ಸಲ ಬರೆಯಬಹುದಾದ ಡಿವಿಡಿ ಪ್ಲಸ್ ಆರ್, 16ಎಕ್ಸ್ ಅಂತ ಬರೆದಿದೆ. ಕಂಪನಿ ಹೆಸರುಗಳು ಬೇಡ ಬಿಡಿ.

ತೊಂದರೆ ಏನಂದ್ರೆ, ಸಾಫ್ಟ್‌ವೇರ್‌ನಲ್ಲಿ 16ಎಕ್ಸ್ ಆರಿಸಿಕೊಟ್ಟರೂ ಒಂದು ಭರ್ತಿ ಡಿಸ್ಕ್ ಮುಗಿಯಲು 14 ನಿಮಿಷ 40 ಸೆಕೆಂಡ್ ಬೇಕಾಗುತ್ತದೆ. ಗಡಿಯಾರ ಹಿಡಿದು ನೋಡಿದೆ. ಎರಡನೇದು 14:38. ಮೂರನೇದು 14:41. ಅಂತೂ ಒಂದೇ ಒಂದು ಸಲವೂ 14 ನಿಮಿಷದ ಕೆಳಗೆ ಬಂದಿಲ್ಲ. ಗೆಳೆಯನ ಹಳೇ ರೈಟರ್ ಆರು ನಿಮಿಷದಲ್ಲಿ ಮುಗಿಸಿಬಿಡುತ್ತದೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಇಲ್ಲಿವರೆಗೆ ಬರೆದ ಒಂಬತ್ತರಲ್ಲಿ ಎರಡು ಡಿಸ್ಕ್, ನಾಲ್ಕನೇದು ಮತ್ತು ಏಳನೇದು, ಕೊನೆಯ ಹತ್ತು ನಿಮಿಷ ಇರುವಾಗ ನಿಂತುಬಿಡುತ್ತವೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಪ್ಲೇಯರ್ ಕಿರ್ ಕಿರ್ ಅಂತ ಹುಡುಕಾಡುತ್ತದೆ. ಬರೆದಾದ ಮೇಲೆ ಸಾಫ್ಟ್‌ವೇರ್ ಮಾತ್ರ "ಯಶಸ್ವಿ" ಅಂತಲೇ ಹೇಳಿತ್ತು.

ರೈಟರ್ ವಾಪಸ್ ಕೊಡಲೋ, ಡಿಸ್ಕ್ ಬದಲಿಸಲೋ? ವೇಗ ಮತ್ತು ಗುಣಮಟ್ಟ ಎರಡನ್ನೂ ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ವಾಪಸ್ ಕೊಡಲು ಇನ್ನು ನಾಲ್ಕೇ ದಿನ ಇದೆ.

ಹಳೇ ಮೆಕ್ಯಾನಿಕ್

ವಾಪಸ್ ಕೊಡಲು ಅವಸರ ಮಾಡಬೇಡಿ ಸರ್. ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ. 14:40, 14:38, 14:41. ಮೂರೂ ಎಷ್ಟು ಹತ್ತಿರ ಇವೆ ನೋಡಿ. ಕೇಬಲ್ ಸಡಿಲ ಇದ್ದರೆ, ಕಂಪ್ಯೂಟರ್ ಎಡವುತ್ತಿದ್ದರೆ, ಒಂದು ಸಲ 9 ನಿಮಿಷ, ಇನ್ನೊಂದು ಸಲ 17 ನಿಮಿಷ ಬರಬೇಕಿತ್ತು. ಇಷ್ಟು ಶಿಸ್ತಾಗಿ ತಡವಾಗುತ್ತಿದೆ ಅಂದ್ರೆ ರೈಟರ್ ಬೇಕಂತಲೇ ನಿಧಾನ ಹೋಗುತ್ತಿದೆ.

ಲೆಕ್ಕ ಹಾಕಿ. ಡಿವಿಡಿಯಲ್ಲಿ ಒಂದು ಎಕ್ಸ್ ಅಂದ್ರೆ ಸೆಕೆಂಡಿಗೆ 1,385 ಕಿಲೋಬೈಟ್. ಸಿಡಿಯ ಒಂದು ಎಕ್ಸ್ 150 ಕಿಲೋಬೈಟ್ ಅಷ್ಟೇ, ಎರಡನ್ನೂ ಬೆರೆಸಬೇಡಿ. 4ಎಕ್ಸ್ ಅಂದ್ರೆ 5,540 ಕಿಲೋಬೈಟ್. ಭರ್ತಿ ಡಿಸ್ಕ್ 4.7 ಜಿಬಿ. ಭಾಗಿಸಿದರೆ 848 ಸೆಕೆಂಡ್, ಅಂದ್ರೆ 14 ನಿಮಿಷ 8 ಸೆಕೆಂಡ್. ಶುರುವಿಗೆ ತಯಾರಾಗುವುದು, ಕೊನೆಗೆ ಡಿಸ್ಕ್ ಮುಚ್ಚುವುದು ಸೇರಿ ಇನ್ನೊಂದು ಅರ್ಧ ನಿಮಿಷ. ನಿಮ್ಮ ಗಡಿಯಾರಕ್ಕೆ ಸರಿಹೋಯಿತಲ್ಲ? ನಿಮ್ಮ ರೈಟರ್ ಮೊದಲಿಂದ ಕೊನೆವರೆಗೂ 4ಎಕ್ಸ್‌ನಲ್ಲೇ ಬರೆಯುತ್ತಿದೆ.

ಗೆಳೆಯರ ಆರು ನಿಮಿಷವೂ ಸರಿಯಾದ ಲೆಕ್ಕವೇ. 16ಎಕ್ಸ್ ಅನ್ನುವುದು ಡಿಸ್ಕ್‌ನ ಹೊರ ಅಂಚಿನಲ್ಲಿ ಮಾತ್ರ ಸಿಗುವ ವೇಗ. ಡೇಟಾ ಬರೆಯುವುದು ಒಳಗಿನಿಂದ ಹೊರಕ್ಕೆ. ಮಧ್ಯದಿಂದ 24 ಮಿಲಿಮೀಟರ್ ದೂರದಲ್ಲಿ ಶುರು, 58 ಮಿಲಿಮೀಟರಿಗೆ ಮುಗಿಯುತ್ತದೆ. ಡಿಸ್ಕ್ ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ, ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಲೇಸರ್ ಕೆಳಗೆ ಹಾದುಹೋಗುವ ದಾರಿ ಒಳಗಿನದಕ್ಕಿಂತ 2.4 ಪಟ್ಟು ಉದ್ದ. ಹಾಗಾಗಿ 16ಎಕ್ಸ್ ಬರವಣಿಗೆ 6.6ಎಕ್ಸ್‌ನಲ್ಲಿ ಶುರುವಾಗಿ, ಏರುತ್ತಾ ಏರುತ್ತಾ ಕೊನೆಗೆ 16 ಮುಟ್ಟುತ್ತದೆ. ಸರಾಸರಿ 11 ಚಿಲ್ಲರೆ. ಐದು ನಿಮಿಷಕ್ಕೆ ಆ ಅರ್ಧ ಮುಕ್ಕಾಲು ನಿಮಿಷ ಸೇರಿಸಿ. 16 ಇದ್ದದ್ದು 8ಕ್ಕೆ ಇಳಿದರೆ ಸಮಯ ದುಪ್ಪಟ್ಟು ಆಗುತ್ತದೆ ಅಂದ್ಕೋಬೇಡಿ, ಎಂಟು ನಿಮಿಷ ಚಿಲ್ಲರೆ ಅಷ್ಟೇ.

ಈಗ ಮಾಡಬೇಕಾದ್ದು. ಡಿಸ್ಕ್ ಬರೆಯುವ ಇಮ್ಗ್‌ಬರ್ನ್ ತಂತ್ರಾಂಶ ಹಾಕಿಕೊಳ್ಳಿ. 2013ರಲ್ಲಿ ಬಂದ 2.5.8 ಇದ್ದರೆ ಸಾಕು. ಖಾಲಿ ಡಿಸ್ಕ್ ಒಳಗೆ ಹಾಕಿ ಬರೆಯುವ ಪುಟ ತೆಗೆಯಿರಿ. ಬಲಗಡೆ ಪಟ್ಟಿಯಲ್ಲಿ ಎರಡು ಸಾಲು ನೋಡಬೇಕು. ಒಂದು ಡಿಸ್ಕ್ ಐಡಿ. ಡಬ್ಬಿ ಮೇಲಿನ ಹೆಸರು ಯಾರದ್ದೇ ಇರಲಿ, ಡಿಸ್ಕ್ ನಿಜವಾಗಿ ಯಾವ ಕಾರ್ಖಾನೆಯ ಯಾವ ಮಾಲು ಅನ್ನೋದು ಈ ಕೋಡ್‌ನಲ್ಲಿ ಇರುತ್ತದೆ. ಉದಾಹರಣೆಗೆ ಎಂಸಿಸಿ 004 ಅಂತಿದ್ದರೆ ಮಿತ್ಸುಬಿಷಿಯವರ 16ಎಕ್ಸ್ ಪ್ಲಸ್ ಆರ್. ಇನ್ನೊಂದು ಸಾಲು, ಈ ಡಿಸ್ಕ್‌ಗೆ ರೈಟರ್ ಒಪ್ಪಿಕೊಳ್ಳುವ ವೇಗಗಳು. ಅಲ್ಲಿ 16 ಕಾಣಿಸದಿದ್ದರೆ ನೀವು ಮೆನುವಿನಲ್ಲಿ 16 ಆರಿಸಿದರೂ ಬರೀ ನಿಮ್ಮ ಆಸೆ.

ಬರೆಯುವಾಗ ಕೆಳಗೆ ಎರಡು ಪಟ್ಟಿ ಓಡುತ್ತವೆ, ಒಂದು ಬಫರ್, ಇನ್ನೊಂದು ಡಿವೈಸ್ ಬಫರ್. ಬಫರ್ ಅಂದ್ರೆ ಬರೆಯಬೇಕಾದ ಡೇಟಾ ಕಾದು ನಿಲ್ಲುವ ಜಾಗ, ಅದು ನೂರಕ್ಕೆ ಎಷ್ಟು ತುಂಬಿದೆ ಅಂತ ಪಟ್ಟಿ ತೋರಿಸುತ್ತದೆ. ಮೊದಲನೇದು ಕಂಪ್ಯೂಟರಿನದ್ದು, ಎರಡನೇದು ರೈಟರ್ ಹೊಟ್ಟೆಯಲ್ಲಿರುವುದು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವ ಇರುವುದೇ ಇಲ್ಲಿ. ಎರಡನೇ ಪಟ್ಟಿ 98, 99ರಲ್ಲಿ ಅಲುಗಾಡದೆ ನಿಂತಿದ್ದರೆ ಡೇಟಾ ಸರಿಯಾಗಿ ಬರುತ್ತಿದೆ, ರೈಟರೇ ನಿಧಾನ. ಅದು 90, 40, 5, ಮತ್ತೆ 80 ಅಂತ ಉಯ್ಯಾಲೆ ಆಡಿದರೆ ರೈಟರ್ ಹಸಿದು ಕೂತಿದೆ, ಕಂಪ್ಯೂಟರ್ ಬಡಿಸುತ್ತಿಲ್ಲ. ಆಗ ಕೇಬಲ್, ಹಾರ್ಡ್ ಡಿಸ್ಕ್, ಆಂಟಿವೈರಸ್ ಕಡೆ ನೋಡಬೇಕು.

ಕೊನೆಯ ಹತ್ತು ನಿಮಿಷದ ಕಥೆ ಬೇರೆ. ಆ ಎರಡು ಡಿಸ್ಕ್ ತಿರುಗಿಸಿ, ಹೊರ ಅಂಚಿನ ಒಂದು ಬೆರಳಗಲ ಜಾಗವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಏನು ಕಂಡಿತು ಅಂತ ಹೇಳಿ. ಆಮೇಲೆ ಮುಂದಿನದು.

ನಿಧಾನವೇ ಪ್ರಧಾನ

ಇಷ್ಟೆಲ್ಲಾ ಯಾಕೆ? 4ಎಕ್ಸ್ ಬರ್ತಿದ್ರೆ ಒಳ್ಳೇದೇ ಆಯ್ತಲ್ಲ. ನಾನಂತೂ ಯಾವಾಗಲೂ ಇರೋದ್ರಲ್ಲಿ ಕಡಿಮೆ ವೇಗದಲ್ಲೇ ಬರೆಯೋದು. ನಿಧಾನಕ್ಕೆ ಬರೆದಷ್ಟೂ ಗುಂಡಿ ಆಳವಾಗಿ ಬೀಳುತ್ತೆ, ಜಾಸ್ತಿ ವರ್ಷ ಬಾಳುತ್ತೆ. ಹತ್ತು ನಿಮಿಷ ಉಳಿಸಿ ಏನು ಮಾಡ್ತೀರಿ.

ಹಳೇ ಮೆಕ್ಯಾನಿಕ್

@ನಿಧಾನವೇ ಪ್ರಧಾನ, ಗಾದೆ ಸರಿ, ಆದರೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಬರೆಯುವ ಡಿಸ್ಕ್‌ನಲ್ಲಿ ಗುಂಡಿ ತೋಡುವ ಕೆಲಸ ಇಲ್ಲ. ಬಣ್ಣದ ಒಂದು ತೆಳು ಪದರ ಇರುತ್ತದೆ, ಲೇಸರ್ ಬಿಸಿಗೆ ಅದರ ಗುಣ ಬದಲಾಗುತ್ತದೆ ಅಷ್ಟೇ. ಎಷ್ಟು ಬಿಸಿ, ಎಷ್ಟು ಹೊತ್ತು, ಮಿಡಿತದ ಅಳತೆ ಏನು, ಇದೆಲ್ಲ ಡಿಸ್ಕ್ ಕೋಡ್‌ಗೆ ತಕ್ಕಂತೆ ರೈಟರ್‌ನ ಫರ್ಮ್‌ವೇರ್‌ನಲ್ಲಿ, ಅಂದ್ರೆ ಅದರೊಳಗೇ ಕೂತಿರುವ ತಂತ್ರಾಂಶದಲ್ಲಿ, ಬರೆದಿಟ್ಟಿರುತ್ತಾರೆ. 16ಎಕ್ಸ್ ಡಿಸ್ಕ್‌ನ ಪದರವನ್ನು ಜಾಸ್ತಿ ವೇಗಕ್ಕೆ ಅಂತಲೇ ಹದ ಮಾಡಿರುತ್ತಾರೆ. ಅದನ್ನು ತೀರಾ ನಿಧಾನ ಬರೆದರೆ ಕೆಲವು ರೈಟರ್‌ಗಳಲ್ಲಿ ತಪ್ಪುಗಳು ಜಾಸ್ತಿಯೇ ಬರುತ್ತವೆ. ನಾನು ಸ್ಕ್ಯಾನ್ ಮಾಡಿ, ಅಂದ್ರೆ ತಪ್ಪು ಎಣಿಸಿ, ನೋಡಿದ 16ಎಕ್ಸ್ ಡಿಸ್ಕ್‌ಗಳಲ್ಲಿ ಹೆಚ್ಚಿನವಕ್ಕೆ 8 ಅಥವಾ 12 ಚೆನ್ನಾಗಿ ಕೂತಿದೆ.

ಇನ್ನೊಂದು ವಿಷಯ. ರೈಟರ್‌ಗೆ ಡಿಸ್ಕ್‌ನ ಗುರುತು ಸಿಗದಿದ್ದರೆ ಒಂದು ಸಾಮಾನ್ಯ ಲೆಕ್ಕ ಹಿಡಿದು ನಿಧಾನಕ್ಕೆ ಬರೆಯುತ್ತದೆ. ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿದ ಹಾಗೆ. ಕ್ಯಾಸೆಟ್ ಗೂಡು ಅವರದ್ದು ಹಾಗೇ ಆಗಿದೆ ಅಂತ ನನ್ನ ಗುಮಾನಿ. ಆ 4ಎಕ್ಸ್ ಜೋಪಾನದ್ದಲ್ಲ, ಗೊತ್ತಾಗದೆ ಹಿಡಿದ ದಾರಿ.

ಕ್ಯಾಸೆಟ್ ಗೂಡು

ಸರ್, ನಿಮ್ಮ ಗುಮಾನಿ ನಿಜ. ಪಟ್ಟಿಯಲ್ಲಿ ಒಪ್ಪುವ ವೇಗ ಅಂತ ಒಂದೇ ಅಂಕಿ ಇದೆ, 4ಎಕ್ಸ್. ಡಿವೈಸ್ ಬಫರ್ 99ರಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಡಿಸ್ಕ್ ಕೋಡ್ ನೋಡಿದರೆ ನಾನು ಕೇಳಿರದ ಕಾರ್ಖಾನೆ. ಡಬ್ಬಿ ಮೇಲಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಡಿಸ್ಕ್ ಅಂಚಿನ ವಿಷಯ. ಹೇಳಲು ನಾಚಿಕೆ ಆಗ್ತಿದೆ. ನಾಲ್ಕನೇ ಡಿಸ್ಕ್ ಕಿಟಕಿ ಬೆಳಕಿಗೆ ಹಿಡಿದೆ. ಹೊರ ಅಂಚಿನಲ್ಲಿ ನನ್ನ ಹೆಬ್ಬೆರಳು. ಗೆರೆ ಗೆರೆ ಎಲ್ಲಾ ಅಚ್ಚಾಗಿ ಬಿದ್ದಿದೆ, ಪೊಲೀಸರಿಗೆ ಕೊಟ್ಟರೆ ಆಗುತ್ತೆ. ಏಳನೇದರಲ್ಲೂ ಇದೆ, ಸ್ವಲ್ಪ ಮಸುಕಾಗಿ. ಸ್ಪಿಂಡಲ್‌ನಿಂದ ಡಿಸ್ಕ್ ಎತ್ತುವಾಗ ಎರಡು ಅಂಟಿಕೊಂಡು ಬಂದರೆ ಹೆಬ್ಬೆರಳಿನಿಂದ ಕೆಳಗಿನದನ್ನು ಜಾರಿಸುವ ಅಭ್ಯಾಸ ನನಗೆ. ಗೊತ್ತೇ ಆಗಿರಲಿಲ್ಲ.

ಮೆತ್ತನೆ ಬಟ್ಟೆಯಿಂದ ಒರೆಸಿದೆ. ನಾಲ್ಕನೇದು ಈಗ ಕೊನೆವರೆಗೂ ಓಡ್ತಿದೆ! ಏಳನೇದು ಮಾತ್ರ ಅದೇ ಜಾಗದಲ್ಲಿ ನಿಲ್ಲುತ್ತದೆ. ಎರಡನ್ನೂ ಒಂದೇ ಥರ ಒರೆಸಿದ್ದೇನೆ. ಯಾಕೆ ಹೀಗೆ?

ಹಳೇ ಮೆಕ್ಯಾನಿಕ್

ನಾಚಿಕೆ ಯಾಕೆ, ನನ್ನ ಬೆಂಚ್ ಮೇಲೆ ಬಂದ ಅರ್ಧ ಡಿಸ್ಕ್‌ಗಳದ್ದೂ ಇದೇ ಕಥೆ. ಒರೆಸುವಾಗ ಮಾತ್ರ ಗುಂಡಗೆ ತಿರುಗಿಸಿ ಒರೆಸಬೇಡಿ. ಮಧ್ಯದಿಂದ ಹೊರಕ್ಕೆ ನೇರ ಎಳೆಯಿರಿ. ಗೀರು ಬಿದ್ದರೂ ಸುತ್ತುಗಳನ್ನು ಅಡ್ಡ ದಾಟುತ್ತದೆ. ಒಂದೇ ಸುತ್ತಿನ ಉದ್ದಕ್ಕೂ ಬಿದ್ದರೆ ತಪ್ಪು ತಿದ್ದುವ ವ್ಯವಸ್ಥೆಗೆ ಕಷ್ಟ.

ನಾಲ್ಕನೇದರ ಗುರುತು ಬರೆದಾದ ಮೇಲೆ ಬಿದ್ದಿರಬೇಕು. ಬಹುಶಃ ಪ್ಲೇಯರ್‌ಗೆ ಹಾಕುವಾಗ. ಕೆಳಗಿನ ಬರಹ ಸರಿಯಾಗಿತ್ತು, ಕೊಳೆ ಹೋಯಿತು, ಕಂಡಿತು. ಏಳನೇದರ ಗುರುತು ಬರೆಯುವ ಮೊದಲೇ ಇತ್ತು. ಲೇಸರ್ ಆ ಎಣ್ಣೆ ಪಸೆಯ ಮೂಲಕವೇ ಹಾದು ಬರೆಯಿತು. ಅಲ್ಲಿ ಬರಹವೇ ಮಂಕು. ಇನ್ನು ಎಷ್ಟು ಒರೆಸಿದರೂ ಅಷ್ಟೇ, ಅದನ್ನು ಮತ್ತೆ ಬರೆಯಿರಿ. ಭರ್ತಿ ಡಿಸ್ಕ್‌ನ ಕೊನೆಯ ಭಾಗ ಹೊರ ಅಂಚಿನಲ್ಲೇ ಇರುತ್ತದೆ, ಕೈ ತಾಗುವುದೂ ಅಲ್ಲೇ. ನಿಮಗೆ ಎರಡೂ ಕೊನೆಯ ಹತ್ತು ನಿಮಿಷದಲ್ಲೇ ಕೈಕೊಟ್ಟದ್ದು ಅದಕ್ಕೆ.

ವೇಗಕ್ಕೆ ಮದ್ದು ಫರ್ಮ್‌ವೇರ್. ರೈಟರ್ ಮಾಡಿದವರ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಸಂಖ್ಯೆಗೆ ಹೊಸದು ಇದೆಯಾ ನೋಡಿ. ಹಾಕುವಾಗ ಟ್ರೇ ಖಾಲಿ ಇರಲಿ, ಮಧ್ಯದಲ್ಲಿ ಕರೆಂಟ್ ಹೋಗಬಾರದು. ಲ್ಯಾಪ್‌ಟಾಪ್ ಆಗಿದ್ದರೆ ಬ್ಯಾಟರಿ ಇದೆ ಅಂತ ಧೈರ್ಯ ಇರುತ್ತಿತ್ತು.

ಈಗ ಗುಣಮಟ್ಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಜನ ಅಂಕಿ ನೋಡಿ ಸುಮ್ನೆ ಹೆದರುತ್ತಾರೆ.

ಡಿಸ್ಕ್ ಮೇಲೆ ಡೇಟಾವನ್ನು 32 ಕೆಬಿಯ ತುಂಡುಗಳಾಗಿ ಬರೆಯುತ್ತಾರೆ. ಒಂದು ತುಂಡನ್ನು ಲೆಕ್ಕದ ಪುಸ್ತಕದ ಹಾಳೆ ಅಂದ್ಕೊಳ್ಳಿ. 208 ಸಾಲು, ಪ್ರತಿ ಸಾಲಿನಲ್ಲಿ 182 ಬೈಟ್. ಅಡ್ಡಕ್ಕೊಂದು ಮೊತ್ತ, ಉದ್ದಕ್ಕೊಂದು ಮೊತ್ತ ಹಾಕಿ ತಾಳೆ ನೋಡುವ ಹಾಗೆ, ಅಡ್ಡ ಸಾಲಿಗೆ 10 ಬೈಟ್, ಉದ್ದ ಸಾಲಿಗೆ 16 ಬೈಟ್ ಬರೀ ತಪ್ಪು ಹಿಡಿಯಲು ಮೀಸಲು. ಒಂದು ಅಡ್ಡ ಸಾಲಿನಲ್ಲಿ ಒಂದು ಬೈಟ್ ತಪ್ಪಿದ್ದರೂ ಅದನ್ನು ಪಿಐ ಎರರ್ ಅಂತ ಎಣಿಸುತ್ತಾರೆ. ಐದು ಬೈಟ್‌ವರೆಗೆ ಅಲ್ಲೇ ತಿದ್ದಿಬಿಡಬಹುದು. ಐದು ದಾಟಿದರೆ ಆ ಸಾಲು ಕೈಬಿಟ್ಟಿತು, ಅದು ಪಿಐ ಫೇಲ್ಯೂರ್, ಸ್ಕ್ಯಾನ್‌ನಲ್ಲಿ ಪಿಐಎಫ್ ಅಂತ ಕಾಣುತ್ತದೆ. ಆಗ ಉದ್ದ ಸಾಲಿನ ಲೆಕ್ಕ ಕಾಪಾಡುತ್ತದೆ. ಅದೂ ಸೋತರೆ ಪಿಒ ಫೇಲ್ಯೂರ್, ಆ ತುಂಡು ಹೋಯಿತು.

ಎಲ್ಲ ಡಿಸ್ಕ್‌ನಲ್ಲೂ ಪಿಐ ಎರರ್ ಇದ್ದೇ ಇರುತ್ತದೆ, ಹೊಚ್ಚ ಹೊಸದರಲ್ಲೂ. ಅಂಥ ಎಂಟು ತುಂಡು ಸೇರಿಸಿ ಎಣಿಸಿದಾಗ 280 ದಾಟಬಾರದು ಅನ್ನುವುದು ಡಿವಿಡಿ ಮಾನದಂಡ. ಪಿಐಎಫ್ ಒಂದು ತುಂಡಿಗೆ 4ರ ಒಳಗೆ ಇರಲಿ ಅನ್ನುವುದು ಈ ಕೆಲಸ ಮಾಡುವವರು ಹಿಡಿಯುವ ಅಳತೆ. ಪಿಒ ಫೇಲ್ಯೂರ್ ಸೊನ್ನೆ. ಜಿಟ್ಟರ್, ಅಂದ್ರೆ ಬರಹದ ಗುರುತುಗಳು ತಮ್ಮ ಸಮಯದಿಂದ ಎಷ್ಟು ಆಚೀಚೆ ಸರಿದಿವೆ ಅನ್ನುವುದು, ತೋರಿಸಿದರೆ 9, 10 ಶೇಕಡಾದ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಸ್ಕ್ಯಾನ್ ಮಾಡುವ ತಂತ್ರಾಂಶ ನೀರೋ ಡಿಸ್ಕ್‌ಸ್ಪೀಡ್‌ನಲ್ಲಿ, ಮೊದಲು ಇದನ್ನೇ ಸಿಡಿ ಡಿವಿಡಿ ಸ್ಪೀಡ್ ಅನ್ನುತ್ತಿದ್ದರು, ಡಿಸ್ಕ್ ಕ್ವಾಲಿಟಿ ಅನ್ನುವ ಪುಟ ಇದೆ. ಆಪ್ಟಿ ಡ್ರೈವ್ ಕಂಟ್ರೋಲ್ ಆದರೂ ಆಯಿತು. ವೇಗ 8ಎಕ್ಸ್ ಇಟ್ಟು ಓಡಿಸಿ. ಕೊನೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಆ ಅಂಕ ನೋಡಬೇಡಿ, ಗ್ರಾಫ್ ನೋಡಿ. ಅಂಕ ನಿಂತಿರುವುದು ಅತಿ ಎತ್ತರದ ಪಿಐಎಫ್ ಮೇಲೆ. ಎಲ್ಲೋ ಒಂದು ಧೂಳಿನ ಕಣ ಸಿಕ್ಕಿ ಒಂದು ಗೆರೆ ಮೇಲೆದ್ದರೂ ಒಳ್ಳೇ ಡಿಸ್ಕ್ ಫೇಲ್ ಆದ ಹಾಗೆ ಕಾಣುತ್ತದೆ.

ತೊಡಕು ಒಂದೇ. ಎಲ್ಲಾ ಡ್ರೈವ್‌ಗಳೂ ಈ ಎಣಿಕೆಯನ್ನು ಹೊರಗೆ ಕೊಡುವುದಿಲ್ಲ. ಲೈಟ್‌ಆನ್‌ನ ಬಹಳಷ್ಟು ಡ್ರೈವ್‌ಗಳು ಕೊಡುತ್ತವೆ. ಹಳೇ ಬೆನ್‌ಕ್ಯೂ 1640 ಇದಕ್ಕೇ ಹೆಸರಾಗಿತ್ತು. ನಿಮ್ಮದರಲ್ಲಿ ಆ ಬಟನ್ ಮಂಕಾಗಿದ್ದರೆ ಬೇರೆ ಡ್ರೈವ್ ಹುಡುಕಿ. ಸಿಗದಿದ್ದರೆ ಟ್ರಾನ್ಸ್‌ಫರ್ ರೇಟ್ ಪರೀಕ್ಷೆ ಯಾವುದರಲ್ಲಿ ಬೇಕಾದರೂ ಓಡುತ್ತದೆ. ಓದುವ ವೇಗದ ಗೆರೆ ಎಡದಿಂದ ಬಲಕ್ಕೆ ನುಣ್ಣಗೆ ಏರಬೇಕು. ಎಲ್ಲಾದರೂ ಹಳ್ಳಕ್ಕೆ ಬಿದ್ದರೆ ಅಲ್ಲಿ ಓದಲು ಕಷ್ಟ ಪಟ್ಟಿದೆ ಅಂತ.

ಕಪ್ಪು ಪರದೆ

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ ಟೂಲ್ಸ್ ಅನ್ನುವ ಪ್ಯಾಕೇಜ್‌ನಲ್ಲಿ ಮೀಡಿಯಾಇನ್ಫೊ ಕಮಾಂಡ್ ಇದೆ. ಡಿಸ್ಕ್ ಕೋಡ್, ಒಪ್ಪುವ ವೇಗ ಎಲ್ಲ ಅದರಲ್ಲೇ ಸಿಗುತ್ತದೆ. ಡಿಸ್ಕ್ ಬರೆಯುವ ಗ್ರೋಐಸೋಎಫ್‌ಎಸ್ ಕಮಾಂಡ್‌ನಲ್ಲಿ ಬರೆಯುವಾಗ ಸಾಲಿನ ಕೊನೆಗೆ ಆರ್‌ಬಿಯು, ಯುಬಿಯು ಅಂತ ಎರಡು ಶೇಕಡಾ ಬರುತ್ತವೆ. ಮೇಲೆ ಮೆಕ್ಯಾನಿಕ್ ಅವರು ಹೇಳಿದ ಎರಡು ಬಫರ್ ಅವೇ. ಯುಬಿಯು ಅಂದ್ರೆ ಡ್ರೈವ್‌ನದ್ದು. ಸ್ಕ್ಯಾನ್‌ಗೆ ಕ್ಯೂಪಿಎಕ್ಸ್‌ಟೂಲ್ ಇದೆ.

ಮತ್ತೆ, ಬರೆದಾದ ಮೇಲೆ ವೆರಿಫೈ ಮಾಡೋದು, ಅಂದ್ರೆ ಬರೆದದ್ದನ್ನು ಮತ್ತೆ ಓದಿ ತಾಳೆ ನೋಡೋದು, ಬಿಡಬೇಡಿ. ಅದು ಇವತ್ತು ಓದಲು ಆಗುತ್ತದೆ ಅಂತಷ್ಟೇ ಹೇಳುತ್ತದೆ, ಎಷ್ಟು ಅಂಚಿನಲ್ಲಿದೆ ಅಂತ ಹೇಳೋದಿಲ್ಲ. ಆದರೂ ಏಳನೇ ಡಿಸ್ಕ್ ಅವತ್ತೇ ಸಿಕ್ಕಿಬೀಳುತ್ತಿತ್ತು.

ಯುಎಸ್‌ಬಿ ದಾರ

ನನ್ನದು ಹೊರಗೆ ಇಡುವ ತೆಳು ರೈಟರ್, ನನಗೂ ಹದಿನಾಲ್ಕು ನಿಮಿಷ ಆಗ್ತಿದೆ. ಇದೇ ಫರ್ಮ್‌ವೇರ್ ಕಥೆನಾ? ಖಾಲಿ ಡಿಸ್ಕ್ ಹಾಳು ಮಾಡದೆ ಪರೀಕ್ಷೆ ಮಾಡೋಕೆ ಆಗಲ್ವಾ?

ಹಳೇ ಮೆಕ್ಯಾನಿಕ್

@ಯುಎಸ್‌ಬಿ ದಾರ, ತೆಳು ರೈಟರ್‌ಗಳು ಸಾಮಾನ್ಯವಾಗಿ 8ಎಕ್ಸ್‌ಗೇ ನಿಲ್ಲುತ್ತವೆ, ಆರು ನಿಮಿಷದ ಆಸೆ ಬೇಡ. ನಡುವೆ ಯುಎಸ್‌ಬಿ ಹಬ್ ಇದ್ದರೆ ಮೊದಲು ಅದನ್ನು ತೆಗೆದು ಕಂಪ್ಯೂಟರಿಗೇ ನೇರ ಚುಚ್ಚಿ. ಲೇಸರ್ ಮತ್ತು ಮೋಟಾರ್ ಎರಡೂ ಆ ಒಂದು ಯುಎಸ್‌ಬಿ ತಂತಿಯಿಂದಲೇ ಕರೆಂಟ್ ಎಳೆಯಬೇಕು, ಉದ್ದನೆಯ ತಂತಿಯಾದರೆ ಸಾಲುವುದಿಲ್ಲ. ಎರಡು ಪ್ಲಗ್ ಇರುವ ತಂತಿ ಡಬ್ಬಿಯಲ್ಲಿ ಬಂದಿದ್ದರೆ ಎರಡನ್ನೂ ಹಾಕಿ, ಒಂದನ್ನು ನೇತುಬಿಡಬೇಡಿ.

ಡಿಸ್ಕ್ ಕಳೆಯದೆ ಪರೀಕ್ಷೆ ಬೇಕಂದ್ರೆ ಬರೆಯುವ ಡಿಸ್ಕ್‌ನ ಇನ್ನೊಂದು ಬಗೆ, ಡಿವಿಡಿ ಮೈನಸ್ ಆರ್, ತನ್ನಿ. ಅದರಲ್ಲಿ ಲೇಸರ್ ಪವರ್ ಇಲ್ಲದೆ ಸುಮ್ನೆ ಬರೆದ ಹಾಗೆ ನಟಿಸುವ ಟೆಸ್ಟ್ ಮೋಡ್ ಇದೆ. ಪ್ಲಸ್ ಆರ್‌ನಲ್ಲಿ ಅದು ಇಲ್ಲವೇ ಇಲ್ಲ. ಆದರೆ ನಟನೆಯಿಂದ ವೇಗ ಮಾತ್ರ ಗೊತ್ತಾಗುತ್ತದೆ, ಬರಹ ಹೇಗೆ ಬಂತು ಅಂತ ನೋಡಲು ಬರೆದಿರಬೇಕಲ್ಲ. ಪಾಪ, ಒಂದು ಡಿಸ್ಕ್ ಬಲಿ ಕೊಡಿ. ಇಮ್ಗ್‌ಬರ್ನ್‌ನ ಡಿಸ್ಕವರಿ ಮೋಡ್‌ನಲ್ಲಿ ಕಡತ ಏನೂ ಹುಡುಕದೆ ಡಿಸ್ಕ್ ತುಂಬಾ ಪರೀಕ್ಷಾ ಡೇಟಾ ಬರೆಯಬಹುದು. ಹಾರ್ಡ್ ಡಿಸ್ಕ್ ನಡುವೆ ಬರುವುದಿಲ್ಲವಾದ್ದರಿಂದ ಅದರ ದೋಷವೂ ಲೆಕ್ಕದಿಂದ ಹೊರಗೆ.

ಕ್ಯಾಸೆಟ್ ಗೂಡು

ಮೂರು ದಿನದ ವರದಿ. ತಾಳ್ಮೆಯಿಂದ ಓದಿ.

ಫರ್ಮ್‌ವೇರ್ ಹಾಕಿದೆ. ಶೇಕಡಾ ಅರವತ್ತರಲ್ಲಿ ಒಂದರ್ಧ ನಿಮಿಷ ನಿಂತಾಗ ಉಸಿರು ಬಿಗಿಹಿಡಿದು ಕೂತಿದ್ದೆ. ಮುಗಿಯಿತು. ಅದೇ ಸ್ಪಿಂಡಲ್‌ನ ಡಿಸ್ಕ್ ಹಾಕಿದರೆ ಈಗ ಪಟ್ಟಿಯಲ್ಲಿ 4, 8, 12, 16. ನಂಬೋಕೇ ಆಗಲಿಲ್ಲ. ರೈಟರ್ ವಾಪಸ್ ಕೊಡುವ ಮಾತು ಅಲ್ಲಿಗೆ ಮುಗಿಯಿತು.

ನನ್ನ ಹೊಸ ರೈಟರ್‌ನಲ್ಲಿ ಡಿಸ್ಕ್ ಕ್ವಾಲಿಟಿ ಬಟನ್ ಮಂಕಾಗಿಯೇ ಇತ್ತು. ಅಟ್ಟದ ಮೇಲಿನ ಸತ್ತ ಕಂಪ್ಯೂಟರ್ ನೆನಪಾಯಿತು. ಇಳಿಸಿ ನೋಡಿದರೆ ಅದರಲ್ಲಿ ಲೈಟ್‌ಆನ್! ಬಿಚ್ಚಿ ಇದಕ್ಕೆ ಜೋಡಿಸಿದೆ. ಟ್ರೇ ಹೊರಗೆ ಬರಲು ಒಲ್ಲೆ ಅಂತು. ಬಟನ್ ಒತ್ತಿದರೆ ಒಳಗೆ ಜುಯ್ ಅನ್ನುತ್ತೆ, ಕೂದಲೆಳೆಯಷ್ಟು ಅಲುಗಿ ನಿಲ್ಲುತ್ತೆ. ಮುಂದಿನ ಸಣ್ಣ ತೂತಿಗೆ ಪೇಪರ್ ಕ್ಲಿಪ್ ನೇರ ಮಾಡಿ ಚುಚ್ಚಿದೆ, ಬಂತು. ಒಳಗೆ ಮಗಳ ಹಳೇ ಆಟದ ಸಿಡಿ, ಅವಳು ವರ್ಷಗಟ್ಟಲೆ ಹುಡುಕಿದ್ದು. ಈಗ ಪ್ರತಿ ಸಲವೂ ಕ್ಲಿಪ್‌ನಿಂದಲೇ ತೆಗೆಯುತ್ತಿದ್ದೇನೆ.

ಒಂದೇ ವಿಡಿಯೊವನ್ನು ಮೂರು ವೇಗದಲ್ಲಿ ಬರೆದೆ. ಮೂರೂ ಡಿಸ್ಕ್ ಅಂಚು ಹಿಡಿದೇ ಎತ್ತಿದ್ದು, ಹೆಬ್ಬೆರಳಿಗೆ ಪ್ರವೇಶ ಇಲ್ಲ. ಮೂರನ್ನೂ ಲೈಟ್‌ಆನ್‌ನಲ್ಲಿ 8ಎಕ್ಸ್‌ಗೆ ಸ್ಕ್ಯಾನ್ ಮಾಡಿದೆ.

16ಎಕ್ಸ್: 5 ನಿಮಿಷ 49 ಸೆಕೆಂಡ್. ಗ್ರಾಫ್ ಓರೆಯಾಗಿ ಏರಿ ಕೊನೆಗೆ 16 ಮುಟ್ಟಿದ್ದನ್ನು ನೋಡೋಕೇ ಚೆಂದ. ಸ್ಕ್ಯಾನ್ ಮಾತ್ರ ಚೆಂದ ಇಲ್ಲ. 3.9 ಜಿಬಿವರೆಗೆ ಪಿಐಎಫ್ 2, 3ರಲ್ಲಿ ಇತ್ತು. ಅಲ್ಲಿಂದ ಮುಂದೆ ಹುಲ್ಲು ಬೆಳೆದ ಹಾಗೆ ಎದ್ದು 13ಕ್ಕೆ ಹೋಯಿತು. ಪಿಐ ಎರರ್ ಕೊನೆಯಲ್ಲಿ 240.

8ಎಕ್ಸ್: 8 ನಿಮಿಷ 12 ಸೆಕೆಂಡ್. ಪಿಐಎಫ್ ಎಲ್ಲೂ 3 ದಾಟಿಲ್ಲ. ಪಿಐ ಎರರ್ ಅತಿ ಹೆಚ್ಚು 31.

4ಎಕ್ಸ್: ಅದೇ 14:39. ಹೊರ ಅಂಚು ಚೆನ್ನಾಗಿದೆ. ಆದರೆ ಪಿಐ ಎರರ್ ಶುರುವಿನಿಂದಲೇ 60, 70ರ ಮೇಲೆ ಓಡಿದೆ, 8ಎಕ್ಸ್‌ಗಿಂತ ಜಾಸ್ತಿ. @ನಿಧಾನವೇ ಪ್ರಧಾನ ಅವರೇ, ಕ್ಷಮಿಸಿ.

ಎರಡು ಪ್ರಶ್ನೆ. 16ರಲ್ಲಿ ಹೊರಗಡೆ ಯಾಕೆ ಹಾಗಾಯಿತು? ಮತ್ತೆ, 13 ಬಂದ ಡಿಸ್ಕ್ ಪ್ಲೇಯರ್‌ನಲ್ಲಿ ಕೊನೆವರೆಗೂ ಏನೂ ತೊಂದರೆ ಇಲ್ಲದೆ ಓಡಿತು. ಅದನ್ನು ಇಟ್ಟುಕೊಳ್ಳಬಹುದಾ?

ನಿಧಾನವೇ ಪ್ರಧಾನ

ಒಪ್ಪಿದೆ. ಆದ್ರೂ 16 ಸೋತಿತಲ್ಲ, ಅಷ್ಟು ಸಾಕು ನನಗೆ 🙂 ಹೆಸರು ಬದಲಾಯಿಸಲ್ಲ.

ಹಳೇ ಮೆಕ್ಯಾನಿಕ್

ಭೇಷ್ ಸರ್, ಅಚ್ಚುಕಟ್ಟಾಗಿ ಮಾಡಿದ್ದೀರಿ. ಒಂದೇ ಸ್ಪಿಂಡಲ್, ಒಂದೇ ವಿಡಿಯೊ, ಒಂದೇ ಡ್ರೈವ್‌ನಲ್ಲಿ ಸ್ಕ್ಯಾನ್. ಹಾಗೆ ಮಾಡಿದ್ದಕ್ಕೇ ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಡಬಹುದು. ಬೇರೆಯವರು ಬೇರೆ ಡ್ರೈವ್‌ನಲ್ಲಿ ತೆಗೆದ ಗ್ರಾಫ್ ಜೊತೆ ಹೋಲಿಸಲು ಹೋಗಬೇಡಿ. ಸ್ಕ್ಯಾನ್ ಅಂದ್ರೆ ಆ ಡ್ರೈವ್‌ನ ಕಣ್ಣಿಗೆ ಕಂಡದ್ದು. ಇನ್ನೊಂದರ ಕಣ್ಣು ಬೇರೆ.

16ರಲ್ಲಿ ಹೊರ ಅಂಚಿಗೆ ಬರುವಾಗ ಡಿಸ್ಕ್ ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು ಮೀರಿ ತಿರುಗುತ್ತಿರುತ್ತದೆ. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 55 ಮೀಟರ್ ಓಟ. ಪ್ಲಾಸ್ಟಿಕ್ ಬಿಲ್ಲೆ ಒಂಚೂರು ಬಾಗಿದ್ದರೂ ಅಲ್ಲಿ ಅಲ್ಲಾಡುತ್ತದೆ. ಬಣ್ಣದ ಪದರ ಸಮವಾಗಿ ಬಳಿಯಲು ಕಷ್ಟ ಆಗುವುದೂ ಅಂಚಿನಲ್ಲೇ. ಲೇಸರ್‌ಗೆ ಸಿಗುವ ಹೊತ್ತು ಕಡಿಮೆ, ಪವರ್ ಜಾಸ್ತಿ ಬೇಕು. ಎಲ್ಲಾ ಕಷ್ಟವೂ ಒಂದೇ ಕಡೆ ಬಂದು ಸೇರುತ್ತದೆ. ಇವುಗಳಲ್ಲಿ ನಿಮ್ಮ ಸ್ಪಿಂಡಲ್‌ದು ಯಾವುದು ಅಂತ ಹುಡುಕುವ ಬದಲು 8ರಲ್ಲಿ ಬರೆದು ನೆಮ್ಮದಿಯಾಗಿರಿ. ಬೇಕಿದ್ದರೆ 12 ಒಂದು ಸಲ ನೋಡಿ, ಉಳಿಯುವುದು ಒಂದೂವರೆ ನಿಮಿಷ. ನಾನಾಗಿದ್ದರೆ ಅದಕ್ಕೆ ಡಿಸ್ಕ್ ಸುಡುವುದಿಲ್ಲ.

13ರ ಡಿಸ್ಕ್ ಇವತ್ತು ಓಡುತ್ತದೆ, ಸರಿ. ಉದ್ದ ಸಾಲಿನ ಲೆಕ್ಕ ಅದನ್ನು ಎತ್ತಿ ಹಿಡಿದಿದೆ. ಡಿಸ್ಕ್ ಹಳೆಯದಾದಂತೆ ತಪ್ಪು ಏರುತ್ತಾ ಹೋಗುತ್ತದೆಯೇ ಹೊರತು ಇಳಿಯುವುದಿಲ್ಲ. ಅದರ ಮೇಲೆ ಒಂದು ಬೆರಳ ಗುರುತು ಬಿದ್ದರೆ ಮುಗಿಯಿತು. ಅಮ್ಮ ನೋಡುವ ಪ್ರತಿಗೆ ಬೇಡ.

ಇನ್ನೊಂದು ಸಣ್ಣ ಉಪಾಯ. ಡಿಸ್ಕ್ ಕಂಠಮಟ್ಟ ತುಂಬಬೇಡಿ. 4.2 ಜಿಬಿಗೆ ನಿಲ್ಲಿಸಿದರೆ ಆ ತಕರಾರಿನ ಅಂಚು ಖಾಲಿ ಉಳಿಯುತ್ತದೆ. ಕ್ಯಾಸೆಟ್ ಉದ್ದ ಇದ್ದರೆ ಎರಡು ಡಿಸ್ಕ್ ಮಾಡಿ.

ಕಪ್ಪು ಪರದೆ

ಆ ಖಾಲಿ ಬಿಟ್ಟ ಜಾಗಕ್ಕೆ ಡಿವಿಡಿಸಾಸ್ಟರ್ ಅನ್ನುವ ತಂತ್ರಾಂಶದಿಂದ ಹೆಚ್ಚುವರಿ ತಿದ್ದುವ ಡೇಟಾ ಸೇರಿಸಬಹುದು. ಇನ್ನೂ ಜಾಸ್ತಿ ಜಾಗ ಬಿಟ್ಟರೆ ಇನ್ನೂ ಒಳ್ಳೇದು. ಮುಂದೆ ಡಿಸ್ಕ್ ಸ್ವಲ್ಪ ಕೆಟ್ಟರೂ ಕಂಪ್ಯೂಟರ್‌ನಲ್ಲಿ ಹಾಕಿ ವಾಪಸ್ ಪಡೆಯಬಹುದು. ಟಿವಿ ಪ್ಲೇಯರ್‌ಗೆ ಅದು ಅರ್ಥ ಆಗೋದಿಲ್ಲ, ಅಷ್ಟು ನೆನಪಿರಲಿ.

ಯುಎಸ್‌ಬಿ ದಾರ

ಹಬ್ ತೆಗೆದೆ. 8 ನಿಮಿಷ 20. ಎರಡನೇ ಪ್ಲಗ್ ಇಷ್ಟು ದಿನ ಡಬ್ಬಿಯಲ್ಲೇ ಇತ್ತು. ಥ್ಯಾಂಕ್ಸ್ ಮೆಕ್ಯಾನಿಕ್ ಸರ್.

ಕ್ಯಾಸೆಟ್ ಗೂಡು

8ಎಕ್ಸ್‌ಗೆ ಬಂದು ನಿಂತೆ, 4.2 ಜಿಬಿಗೆ ನಿಲ್ಲಿಸಿ. ಹಳೇ ಒಂಬತ್ತನ್ನೂ ಸ್ಕ್ಯಾನ್ ಮಾಡಿದೆ. ಏಳನೇದು ಬಿಟ್ಟರೆ ಉಳಿದವು ಸಾಧಾರಣ, ಆದರೆ ಮಿತಿಯ ಒಳಗೆ ಇವೆ. ಅವನ್ನು ಮತ್ತೆ ಬರೆಯುವ ಉತ್ಸಾಹ ಈಗ ಇಲ್ಲ.

ಏಳನೇದನ್ನು ಮಾತ್ರ ಈಗ ಬರೆಯುತ್ತಿದ್ದೇನೆ. ಮಗಳು ಮೊದಲ ಸಲ ಸೈಕಲ್ ಹೊಡೆದು ಬಿದ್ದು, ಎದ್ದು, ಕ್ಯಾಮೆರಾ ಕಡೆ ನೋಡಿ ಅಳೋಣವೋ ಬೇಡವೋ ಅಂತ ಯೋಚಿಸುವುದು ಅದರ ಕೊನೆಯ ಹತ್ತು ನಿಮಿಷದಲ್ಲೇ ಇದೆ. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪರದೆ ನೋಡ್ತಿದ್ದಾರೆ. "ಆ ಹಸಿರು ಪಟ್ಟಿ ಅಲ್ಲಾಡ್ತಾನೇ ಇಲ್ವಲ್ಲೋ, ನಿಂತುಹೋಯ್ತಾ?" ಅಂತ ಎರಡು ಸಲ ಕೇಳಿದರು. ಅದು ಅಲ್ಲಾಡಬಾರದು ಅಮ್ಮಾ ಅಂದೆ.

ಐದನೇ ನಿಮಿಷ. ಡಿವೈಸ್ ಬಫರ್ 99.